ಹಾಲೇರಿಯ ಖಾಲಿ ಗದ್ದುಗೆ, ಸುಳ್ಯದ ಅರಸ

1837ರ ಮಾರ್ಚ್ ಕೊನೆಯ ವಾರ. ಗುತ್ತಿಗಾರು, ಪಂಜ, ಬೆಳ್ಳಾರೆ, ಸುಳ್ಯದ ಸೀಮೆಯಲ್ಲಿ ಒಂದು ಸುದ್ದಿ ಮನೆಯಿಂದ ಮನೆಗೆ ಹರಿಯುತ್ತಿತ್ತು. ಪೂಮಲೆ ಕಾಡಿನಲ್ಲಿ ಅರಸ ಬಂದಿದ್ದಾನೆ, ಹಾಲೇರಿ ವಂಶದ ಕಲ್ಯಾಣಸ್ವಾಮಿ ಬಂದಿದ್ದಾನೆ ಎಂಬ ಸುದ್ದಿ ಅದು. ಮೂರು ವರ್ಷಗಳಿಂದ ಅರಸನಿಲ್ಲದೆ ಕುಂಪಣಿಯ (ಈಸ್ಟ್ ಇಂಡಿಯಾ ಕಂಪನಿಯ) ಕಂದಾಯ ಕಟ್ಟಿ ಸುಸ್ತಾಗಿದ್ದ ರೈತರು ಕತ್ತಿ, ಕೋವಿ, ದೊಣ್ಣೆ ಹಿಡಿದು ಹೊರಟರು. ಹಾಗೆ ಬಂದವನು ನಿಜವಾದ ಕಲ್ಯಾಣಸ್ವಾಮಿ ಆಗಿರಲಿಲ್ಲ. ಅವನು ಪುಟ್ಟಬಸಪ್ಪ ಎಂಬ ಒಬ್ಬ ಸಾಮಾನ್ಯ ಮನುಷ್ಯ.

ಬಂಡಾಯಕ್ಕೆ ನಾಯಕರ ಕೊರತೆ ಇರಲಿಲ್ಲ. ಉಬರಡ್ಕ ಮಿತ್ತೂರಿನ ಕೆದಂಬಾಡಿ ರಾಮಯ್ಯ ಗೌಡರಂಥ ಮನೆತನಸ್ಥರಿದ್ದರು, ಘಟ್ಟದ ಮೇಲೆ ಗುಡ್ಡೆಮನೆ ಅಪ್ಪಯ್ಯ ಗೌಡ, ನಂಜಯ್ಯ ಇದ್ದರು. ಹೀಗಿದ್ದೂ ಅವರು ತಮ್ಮ ಹೆಸರಿನಲ್ಲಿ ಕರೆ ಕೊಡದೆ ಒಬ್ಬ ಅರಸನನ್ನು ಮುಂದಿಟ್ಟುಕೊಂಡರು. ಯಾಕೆ ಎಂದು ತಿಳಿಯಬೇಕಾದರೆ ಆ ಹಿಂದಿನ ಎಪ್ಪತ್ತು ವರ್ಷ ಮಡಿಕೇರಿಯ ಅರಮನೆಯಲ್ಲಿ ನಡೆದದ್ದನ್ನು ನೋಡಬೇಕು. ಅದರ ನಡುವೆ ನಿಂತಿರುವವನು ದೊಡ್ಡವೀರರಾಜೇಂದ್ರ. ಕಳೆದುಹೋದ ರಾಜ್ಯವನ್ನು ತನ್ನ ಕೈಯಿಂದಲೇ ಗಳಿಸಿಕೊಂಡ ಈ ಅರಸನಿಗೆ ತನ್ನ ನಂತರ ಯಾರು ಎಂಬುದನ್ನು ಮಾತ್ರ ಇತ್ಯರ್ಥ ಮಾಡಲಾಗಲಿಲ್ಲ.

ಕೊಡಗನ್ನು ಆಳಿದ ಹಾಲೇರಿ ಅರಸರು ಲಿಂಗಾಯತರು, ಇಕ್ಕೇರಿ ನಾಯಕರ ಬಳಗದವರೆಂದು ಹೇಳಿಕೊಂಡವರು. 1681ರಲ್ಲಿ ಮುದ್ದುರಾಜ ರಾಜಧಾನಿಯನ್ನು ಹಾಲೇರಿಯಿಂದ ಮಡಿಕೇರಿಗೆ ತಂದ. ಅಲ್ಲಿಂದ ಎರಡು ತಲೆಮಾರು ಗದ್ದುಗೆ ಸುಸೂತ್ರವಾಗಿ ನಡೆಯಿತು. ಮುಂದೆ ಚಿಕ್ಕವೀರಪ್ಪ ಮಕ್ಕಳಿಲ್ಲದೆ ತೀರಿಕೊಂಡಾಗ ತೊಡಕು ಶುರುವಾಯಿತು. ವಂಶದಲ್ಲಿ ಎರಡು ಕವಲುಗಳಿದ್ದವು, ಹಾಲೇರಿಯದೊಂದು, ಹೊರಮಲೆಯದೊಂದು. ಎರಡೂ ಕವಲಿನಿಂದ ಒಬ್ಬೊಬ್ಬರು ಜೊತೆಯಾಗಿ ಆಳಿದರು. ವಿಚಿತ್ರವೆಂದರೆ ಆ ಜೋಡಿ ಆಳ್ವಿಕೆಯಲ್ಲಿ ಜಗಳ ಆಗಲಿಲ್ಲ, 1770ರಲ್ಲಿ ಇಬ್ಬರೂ ತೀರಿಕೊಂಡ ಮೇಲೆ ಆಯಿತು. ಹಾಲೇರಿಯ ಲಿಂಗರಾಜ ತನ್ನ ಅಣ್ಣನ ಮಗನನ್ನು ಕೂರಿಸಬೇಕೆಂದ. ಹೊರಮಲೆಯವರು ದೇವಪ್ಪರಾಜನನ್ನು ಕೂರಿಸಿದರು. ಲಿಂಗರಾಜ ನೇರವಾಗಿ ಶ್ರೀರಂಗಪಟ್ಟಣಕ್ಕೆ ಹೋಗಿ ಹೈದರಾಲಿಯ ಮುಂದೆ ನಿಂತ.

ಮನೆಯ ಪಾಲಿನ ಜಗಳಕ್ಕೆ ಹೊರಗಿನ ದೊಡ್ಡವನನ್ನು ಕರೆದದ್ದೇ ಕೊಡಗಿನ ರಾಜ್ಯಕ್ಕೆ ಆದ ಮೊದಲ ಪೆಟ್ಟು. ಹೈದರ್ ಬಂದ, ದೇವಪ್ಪರಾಜ ಓಡಿ ಸಿಕ್ಕಿಬಿದ್ದ, ಕೊನೆಗೆ ಲಿಂಗರಾಜನಿಗೇ ಗದ್ದುಗೆ ಸಿಕ್ಕಿತು. ಅದಕ್ಕೆ ಬೆಲೆಯಾಗಿ ಕಾಣಿಕೆಯನ್ನೂ ನೆಲವನ್ನೂ ಕೊಡಬೇಕಾಯಿತು. ಅಮರ ಸುಳ್ಯ, ಪಂಜ, ಬೆಳ್ಳಾರೆ ಮಾಗಣೆಗಳು ಆ ಕಾಲದಲ್ಲಿ ಮಡಿಕೇರಿಗೂ ಮೈಸೂರಿಗೂ ನಡುವೆ ಕೈ ಬದಲಾಗುತ್ತಲೇ ಇದ್ದವು. ಘಟ್ಟದ ಕೆಳಗಿನ ರೈತನಿಗೆ ಈ ವರ್ಷ ಯಾರ ಶ್ಯಾನುಭೋಗ ಬರುತ್ತಾನೆ ಎಂಬುದು ಘಟ್ಟದ ಮೇಲಿನ ದಾಯಾದಿ ಜಗಳವನ್ನೇ ಅವಲಂಬಿಸಿತ್ತು.

1780ರಲ್ಲಿ ಲಿಂಗರಾಜ ಸತ್ತ. ಮಕ್ಕಳು ಚಿಕ್ಕವರು, ಅವರು ಪ್ರಾಯಕ್ಕೆ ಬರುವವರೆಗೆ ರಾಜ್ಯವನ್ನು ತಾನು ನೋಡಿಕೊಳ್ಳುತ್ತೇನೆ ಎಂದು ಹೈದರ್ ಹೇಳಿದ. ನೋಡಿಕೊಂಡ ರೀತಿ ಹೀಗಿತ್ತು: ಮಡಿಕೇರಿಯಲ್ಲಿ ಮೈಸೂರಿನ ಅಮಲ್ದಾರ, ಕೋಟೆಯಲ್ಲಿ ಮೈಸೂರಿನ ಪಡೆ, ಅರಸುಮಕ್ಕಳು ಗೊರೂರಿನ ಕೋಟೆಯಲ್ಲಿ ಬಂಧಿಗಳು. ಟಿಪ್ಪುವಿನ ಕಾಲಕ್ಕೆ ಅವರನ್ನು ಪಿರಿಯಾಪಟ್ಟಣಕ್ಕೆ ಸಾಗಿಸಲಾಯಿತು. ಆ ಹುಡುಗರಲ್ಲಿ ಹಿರಿಯವನೇ ವೀರರಾಜ, ಮುಂದಿನ ದೊಡ್ಡವೀರರಾಜೇಂದ್ರ. 1788ರ ಡಿಸೆಂಬರಿನಲ್ಲಿ ಕೊಡವರ ನೆರವಿನಿಂದ ಅವನು ಹೆಂಡತಿ, ಸೋದರರಾದ ಅಪ್ಪಾಜಿ ಮತ್ತು ತಂದೆಯ ಹೆಸರನ್ನೇ ಹೊತ್ತ ಲಿಂಗರಾಜರ ಜೊತೆ ಪಿರಿಯಾಪಟ್ಟಣದಿಂದ ತಪ್ಪಿಸಿಕೊಂಡ. ಈ ಇಬ್ಬರು ಸೋದರರ ಹೆಸರನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದಿನ ಐವತ್ತು ವರ್ಷಗಳ ಕೊಡಗಿನ ಕಥೆಯೂ ಸುಳ್ಯದ ಕಥೆಯೂ ಅವರಿಬ್ಬರ ಹೆಸರಿನಲ್ಲೇ ಕವಲೊಡೆಯುತ್ತವೆ.

ಬಿಡುಗಡೆಯಾದ ವೀರರಾಜನ ಬಳಿ ಕೋಟೆಯೂ ಇರಲಿಲ್ಲ, ಬೊಕ್ಕಸವೂ ಇರಲಿಲ್ಲ. ತಡಿಯಂಡಮೋಳ್ ಬೆಟ್ಟದ ಬುಡದ ನಾಲ್ಕುನಾಡಿನ ಕಾಡನ್ನು ನೆಲೆ ಮಾಡಿಕೊಂಡು, ಮೈಸೂರಿನ ದಂಡು ಬರುವ ಕಣಿವೆಗಳಲ್ಲಿ ಕಾದು ಹೊಡೆದು, ಸಿಕ್ಕ ದವಸ ದನಕರುಗಳನ್ನು ಜನರಿಗೆ ಹಂಚಿ ಪಡೆ ಕಟ್ಟಿದ. 1790ರ ಅಕ್ಟೋಬರಿನಲ್ಲಿ ತಲಶ್ಶೇರಿಯ ಕುಂಪಣಿ ಅಧಿಕಾರಿ ರಾಬರ್ಟ್ ಟೇಲರ್ ಜೊತೆ ಒಪ್ಪಂದವಾಯಿತು. ಮರುವರ್ಷ ಜನರಲ್ ಅಬರ್‌ಕ್ರಾಂಬಿಯ ಬೊಂಬಾಯಿ ಸೇನೆ ಕೊಡಗಿನ ದಾರಿಯಲ್ಲೇ ಶ್ರೀರಂಗಪಟ್ಟಣದತ್ತ ಹೋಯಿತು. ಇಬ್ಬರೂ ಭೇಟಿಯಾದ ನೆನಪಿಗೆ ಒಂದು ಪೇಟೆ ಎದ್ದಿತು, ಅದೇ ಇಂದಿನ ವಿರಾಜಪೇಟೆ. ಕಕ್ಕಬ್ಬೆ ಬಳಿಯ ಯವಕಪಾಡಿಯಲ್ಲಿ ನಾಲ್ಕುನಾಡು ಅರಮನೆ ಕಟ್ಟಲು ತೊಡಗಿದ್ದೂ ಅದೇ ಕಾಲದಲ್ಲಿ. 1799ರ ಮಾರ್ಚಿನಲ್ಲಿ ಸಿದ್ದೇಶ್ವರದ ಬಳಿ ಟಿಪ್ಪುವಿನ ಸೇನೆ ಬೊಂಬಾಯಿ ದಂಡಿಗೆ ಸೋತಾಗ ವೀರರಾಜೇಂದ್ರ ಸ್ಥಳದಲ್ಲೇ ಇದ್ದ. ಟಿಪ್ಪು ಮಡಿದ ಮೇಲೆ ಕುಂಪಣಿ ಅವನ ಕಪ್ಪವನ್ನು ಬಿಟ್ಟುಕೊಟ್ಟಿತು. ವರ್ಷಕ್ಕೊಂದು ಆನೆ ಕಳಿಸಿದರೆ ಸಾಕು ಎಂದಿತು. ಪಂಜ, ಬೆಳ್ಳಾರೆ ಮಾಗಣೆಗಳೂ ಅವನ ಕೈಸೇರಿದವು.

ಅವನು ಬರೀ ಕತ್ತಿಯನ್ನು ನಂಬಿದವನಲ್ಲ. ತನ್ನ ಮನೆತನದ ಚರಿತ್ರೆಯನ್ನು ಕನ್ನಡದಲ್ಲಿ ಬರೆಸಿದ. ‘ರಾಜೇಂದ್ರನಾಮೆ’ ಎಂಬ ಆ ಗ್ರಂಥ 1633ರಿಂದ 1807ರವರೆಗಿನ ಕಥೆಯನ್ನು ಹೇಳುತ್ತದೆ, 1808ರಲ್ಲೇ ಇಂಗ್ಲಿಷಿಗೂ ಹೋಯಿತು. ಅರಸನೊಬ್ಬ ತನ್ನ ವಂಶಾವಳಿಯನ್ನು ಇಷ್ಟು ಅವಸರದಿಂದ ಬರೆಸುವಾಗ ಅದು ಹೆಮ್ಮೆಗಾಗಿ ಮಾತ್ರ ಇರಲಾರದು. ಮುಂದಿನ ಹಕ್ಕಿಗೆ ದಾಖಲೆ ಬೇಕಿತ್ತು. ಏಕೆಂದರೆ ಅವನಿಗೆ ಗಂಡುಮಕ್ಕಳಿರಲಿಲ್ಲ.

ಪ್ರೀತಿಯಿಂದ ಮದುವೆಯಾದ ರಾಣಿ ಮಹದೇವಮ್ಮಾಜಿ ಹೆಣ್ಣುಮಕ್ಕಳನ್ನು ಹೆತ್ತಳು. 1807ರಲ್ಲಿ ಅವಳು ತೀರಿಕೊಂಡ ಮೇಲೆ ಅರಸನ ಮನಸ್ಸು ಕದಡಿತು. ಎಲ್ಲರ ಮೇಲೆ ಅನುಮಾನ, ಸಣ್ಣ ತಪ್ಪಿಗೂ ಕ್ರೂರ ಶಿಕ್ಷೆ. ಈ ಹೊತ್ತಿನಲ್ಲೂ ಅವನು ಹಿಡಿದ ಹಟ ಒಂದೇ: ಹಿರಿಯ ಮಗಳು ದೇವಮ್ಮಾಜಿ ಮತ್ತು ಅವಳ ಸಂತಾನಕ್ಕೆ ಗದ್ದುಗೆ ಸಲ್ಲಬೇಕು, ಸೋದರರಿಗಲ್ಲ. ಕಲ್ಕತ್ತೆಯ ಗವರ್ನರ್ ಜನರಲ್‌ಗೆ ಬರೆದ, ಒಪ್ಪಿಗೆ ಪಡೆದ. ಮಗಳನ್ನು ಸೋದೆಯ ಅರಸುಮನೆಗೆ ಕೊಟ್ಟು ಮದುವೆ ಮಾಡಿದ. ಅವಳ ಹೆಸರಿಗೆ ಕುಂಪಣಿಯ ಸಾಲಪತ್ರಗಳಲ್ಲಿ ದೊಡ್ಡ ಮೊತ್ತವನ್ನು ತೊಡಗಿಸಿದ. ಒಬ್ಬ ತಂದೆ ಏನೇನು ಮಾಡಬಹುದೋ ಅದನ್ನೆಲ್ಲ ಮಾಡಿ, 1809ರ ಜೂನ್ 9ರಂದು ಕಣ್ಮುಚ್ಚಿದ. ಮಡಿಕೇರಿಯ ಗದ್ದಿಗೆಯಲ್ಲಿ ಮಹದೇವಮ್ಮಾಜಿಯ ಜೊತೆಗೇ ಅವನ ಸಮಾಧಿ ಇದೆ.

ಮಕ್ಕಳೋ, ನೆಂಟರೋ ಎಂಬ ಪ್ರಶ್ನೆ ಕೊಡಗಿಗೆ ಮಾತ್ರ ಸೇರಿದ್ದಲ್ಲ. ಈ ಕಥೆಗೂ ನಾಲ್ಕು ಶತಮಾನ ಹಿಂದೆ, ಇಂದಿನ ಥಾಯ್ಲೆಂಡಿನ ಅಯುತ್ಥಯಾದಲ್ಲಿ ಅದೇ ಪ್ರಶ್ನೆ ರಕ್ತ ಹರಿಸಿತ್ತು. 1351ರಲ್ಲಿ ಆ ರಾಜಧಾನಿಯನ್ನು ಕಟ್ಟಿದ ಸಯಾಮಿನ ರಾಮಾಧಿಪತಿ 1369ರಲ್ಲಿ ತೀರಿಕೊಂಡ. ಮಗ ರಾಮೇಶ್ವರ ಪಟ್ಟಕ್ಕೆ ಬಂದ. ಮರುವರ್ಷವೇ ಸುಫನ್‌ಬುರಿಯ ಸೋದರಮಾವ ಸೈನ್ಯದೊಡನೆ ಬಂದ, ರಾಮೇಶ್ವರ ಪಟ್ಟ ಬಿಟ್ಟುಕೊಟ್ಟ. ಹದಿನೆಂಟು ವರ್ಷ ಕಾದ. 1388ರಲ್ಲಿ ಮಾವ ಸತ್ತು ಅವನ ಹರೆಯದ ಮಗ ಥೋಂಗ್ ಲನ್ ಗದ್ದುಗೆ ಏರಿ ಏಳು ದಿನವಾಗುವುದರೊಳಗೆ ರಾಮೇಶ್ವರ ಮರಳಿ ಬಂದು ಹುಡುಗನನ್ನು ಕೊಲ್ಲಿಸಿ ಮತ್ತೆ ಅರಸನಾದ. 1424ರಲ್ಲಿ ಅದೇ ಊರಿನಲ್ಲಿ ಇಬ್ಬರು ಅಣ್ಣತಮ್ಮಂದಿರು ಪಟ್ಟಕ್ಕಾಗಿ ಆನೆಗಳ ಮೇಲೆ ಕುಳಿತು ಹೊಡೆದಾಡಿ ಇಬ್ಬರೂ ಸತ್ತರು, ಮೂರನೆಯವನು ಅರಸನಾದ. ಎರಡು ಕವಲಿನ ಮನೆತನ, ಎಳೆಯ ವಾರಸು, ಕಾದು ಕೂತ ಹಿರಿಯ ನೆಂಟ: ಅಯುತ್ಥಯಾದ ಈ ಮೂರು ಸಂಗತಿಗಳೂ ಹಾಲೇರಿಯಲ್ಲಿದ್ದವು. ವ್ಯತ್ಯಾಸ ಇಷ್ಟೇ, ಅಯುತ್ಥಯಾದಲ್ಲಿ ಗೆದ್ದವನ ಮೇಲೆ ಮತ್ತೊಬ್ಬ ಯಜಮಾನ ಇರಲಿಲ್ಲ. ಮಡಿಕೇರಿಯಲ್ಲಿ ಗೆದ್ದವನೂ ಕುಂಪಣಿಯ ಮುಖ ನೋಡಬೇಕಿತ್ತು.

ದೇವಮ್ಮಾಜಿ ಇನ್ನೂ ಎಳೆಯ ಹುಡುಗಿ. ಹೆಸರಿಗೆ ರಾಣಿಯಾದಳು, ಆಡಳಿತ ಸೋದೆ ಅರಸನ ಕೈಯಲ್ಲಿತ್ತು. ಕೊಡಗಿನವರಿಗೆ ಅವನು ಹೊರಗಿನವ. ಅಷ್ಟರಲ್ಲಿ ಚಿಕ್ಕಪ್ಪ ಲಿಂಗರಾಜ ಮೊದಲು ರಕ್ಷಕನಂತೆ ಬಂದ, ಸೋದೆಯವನನ್ನು ಊರಿಗೆ ಕಳಿಸಿದ, 1811ರಲ್ಲಿ ತಾನೇ ಅರಸನೆಂದು ಸಾರಿದ. ದೇವಮ್ಮಾಜಿಯ ಹಕ್ಕನ್ನು ಒಪ್ಪಿ ಕಾಗದ ಬರೆದಿದ್ದ ಕುಂಪಣಿ ಈಗ ಲಿಂಗರಾಜನನ್ನೂ ಒಪ್ಪಿತು. ಕೊಟ್ಟ ಮಾತಿಗಿಂತ ಗಡಿಯ ನೆಮ್ಮದಿ ಅದಕ್ಕೆ ದೊಡ್ಡದಾಗಿತ್ತು. ಆ ಹುಡುಗಿಯ ಬಗ್ಗೆ ಕಾಗದಪತ್ರಗಳಲ್ಲಿ ಸಿಗುವುದೆಲ್ಲ ಹಕ್ಕು, ಹಣ, ಅರ್ಜಿಗಳ ಮಾತು. ಅವಳ ಮನಸ್ಸಿನ ಒಂದು ಮಾತನ್ನೂ ಯಾರೂ ಬರೆದಿಡಲಿಲ್ಲ ಎಂಬುದು ಓದುವವರಿಗೆ ನೋವಿನ ಸಂಗತಿ.

ಲಿಂಗರಾಜ ಒಂಬತ್ತು ವರ್ಷ ಆಳಿದ. ಮಡಿಕೇರಿಯ ಓಂಕಾರೇಶ್ವರ ಗುಡಿ ಅವನು ಕಟ್ಟಿಸಿದ್ದು. 1820ರಲ್ಲಿ ಅವನ ಮಗ ಚಿಕವೀರರಾಜೇಂದ್ರ ಗದ್ದುಗೆಗೆ ಬಂದ. ಮಾಸ್ತಿಯವರ ಕಾದಂಬರಿಯಿಂದಾಗಿ ಅವನ ಕಥೆ ಕನ್ನಡಿಗರಿಗೆ ಮನೆಮಾತು. ಗದ್ದುಗೆಗೆ ಹಕ್ಕಿರಬಹುದಾದ ನೆಂಟರನ್ನೆಲ್ಲ ಕಂಡು ಬೆದರಿದ ಅರಸ ಅವನು. 1832ರಲ್ಲಿ ಅವನ ತಂಗಿ ಮತ್ತು ಅವಳ ಗಂಡ ಚೆನ್ನಬಸಪ್ಪ ಮೈಸೂರಿಗೆ ಓಡಿಹೋಗಿ ಬ್ರಿಟಿಷ್ ರೆಸಿಡೆಂಟನ ಆಶ್ರಯ ಪಡೆದರು. ಅವರನ್ನು ಒಪ್ಪಿಸಿ ಎಂದು ಅರಸ, ಒಪ್ಪಿಸುವುದಿಲ್ಲ ಎಂದು ಕುಂಪಣಿ. 1834ರ ಏಪ್ರಿಲಿನಲ್ಲಿ ನಾಲ್ಕು ದಿಕ್ಕಿನಿಂದ ದಂಡು ಬಂತು, ಅರಸ ಶರಣಾದ, ಕರ್ನಲ್ ಫ್ರೇಸರನ ಘೋಷಣೆಯೊಂದಿಗೆ ಮೇ 7ರಂದು ಕೊಡಗು ಕುಂಪಣಿಯದಾಯಿತು.

ಇಲ್ಲಿಂದ ಕಥೆ ಘಟ್ಟ ಇಳಿಯುತ್ತದೆ.

ಕುಂಪಣಿ ಕೊಡಗನ್ನು ಇಡಿಯಾಗಿ ಉಳಿಸಿಕೊಳ್ಳಲಿಲ್ಲ. ಅಮರ ಸುಳ್ಯ, ಪಂಜ, ಬೆಳ್ಳಾರೆಯ ಮಾಗಣೆಗಳನ್ನು ಕತ್ತರಿಸಿ ಕೆನರಾ ಜಿಲ್ಲೆಗೆ, ಅಂದರೆ ಮದರಾಸು ಪ್ರಾಂತಕ್ಕೆ ಸೇರಿಸಿತು. ಭೂಪಟದ ಮೇಲೆ ನೋಡಿದರೆ ಅದು ಸರಿಯಾಗಿಯೇ ಕಾಣುತ್ತದೆ: ಘಟ್ಟದ ಮೇಲಿನದು ಮೇಲೆ, ಕೆಳಗಿನದು ಕೆಳಗೆ. ಆದರೆ ಗುತ್ತಿಗಾರಿನಂಥ ಊರಿನ ಗೌಡ ಕುಟುಂಬಗಳಿಗೆ ಅದು ಹಾಗೆ ಇರಲಿಲ್ಲ. ಅರೆಭಾಷೆ ಆಡುವ ಅವರ ನೆಂಟರಿಷ್ಟರು ಸಂಪಾಜೆ ಆಚೆ ಮಡಿಕೇರಿ ಸೀಮೆಯಲ್ಲಿದ್ದರು. ಟಿಪ್ಪುವಿನ ಕಾಲದಲ್ಲಿ ಬರಿದಾದ ಕೊಡಗಿನ ಊರುಗಳಿಗೆ ಒಕ್ಕಲು ತುಂಬಲು ಹಾಲೇರಿ ಅರಸರು ತುಳುನಾಡಿನ ಗೌಡರನ್ನು ಕರೆಸಿ ಭೂಮಿ ಕೊಟ್ಟಿದ್ದರು. ಮದುವೆ, ದನದ ವ್ಯಾಪಾರ, ದೈವದ ನೇಮ, ಕುಕ್ಕೆ ಸುಬ್ರಹ್ಮಣ್ಯದ ಜಾತ್ರೆ ಎಲ್ಲವೂ ಘಟ್ಟದ ಎರಡೂ ಬದಿಗೆ ಸೇರಿದವು.

ಅದಕ್ಕಿಂತ ಹೆಚ್ಚಾಗಿ ಚುಚ್ಚಿದ್ದು ಕಂದಾಯ. ಹಾಲೇರಿಯ ಕಾಲದಲ್ಲಿ ರೈತ ಬೆಳೆದದ್ದರಲ್ಲಿ ಒಂದು ಪಾಲನ್ನು ದವಸದ ರೂಪದಲ್ಲಿ ಕೊಡಬಹುದಿತ್ತು. ಕುಂಪಣಿ ನಗದು ಕೇಳಿತು. ಕೊಯ್ಲು ಮುಗಿದ ಕೂಡಲೇ ಎಲ್ಲರೂ ಒಟ್ಟಿಗೆ ಭತ್ತ ಮಾರಲು ಹೊರಟರೆ ಬೆಲೆ ಬೀಳುತ್ತದೆ. ಮಲೆನಾಡಿನ ಒಳಗಿನಿಂದ ಪೇಟೆಗೆ ಹೊರೆ ಸಾಗಿಸುವುದೇ ದುಬಾರಿ. ಉಳಿದ ದಾರಿ ಸಾಹುಕಾರನ ಮನೆ. ಜೊತೆಗೆ ಉಪ್ಪು ಮತ್ತು ಹೊಗೆಸೊಪ್ಪಿನ ಮಾರಾಟವನ್ನು ಸರಕಾರ ತನ್ನ ಏಕಸ್ವಾಮ್ಯ ಮಾಡಿಕೊಂಡಿತ್ತು. ಉಪ್ಪಿಲ್ಲದೆ ಯಾವ ಮನೆಯೂ ನಡೆಯುವುದಿಲ್ಲ, ಗದ್ದೆ ಕೆಲಸದ ನಡುವೆ ಹೊಗೆಸೊಪ್ಪಿಲ್ಲದೆ ಆಳುಗಳ ದಿನ ಸಾಗುವುದಿಲ್ಲ. ಅರಸನ ಕಾಲ ಚಿನ್ನದ ಕಾಲವಾಗಿತ್ತೆಂದಲ್ಲ, ಚಿಕವೀರರಾಜೇಂದ್ರನ ಆಳ್ವಿಕೆಯ ಭಯ ಎಲ್ಲರಿಗೂ ಗೊತ್ತಿತ್ತು. ಆದರೆ ಅರಸನ ಹೊರೆ ಹೊರಬಹುದಾದ ಹೊರೆ ಎಂಬ ನೆನಪು ಅವರಲ್ಲಿ ಉಳಿದಿತ್ತು. ಅವರು ಮರಳಿ ಕೇಳಿದ್ದು ಒಬ್ಬ ವ್ಯಕ್ತಿಯನ್ನಲ್ಲ, ಆ ಲೆಕ್ಕವನ್ನು.

ಅರಸ ಎಲ್ಲಿಂದ ಬರಬೇಕು? ಲಿಂಗರಾಜನ ಕವಲು ಕಾಶಿಯಲ್ಲಿ ಸೆರೆಯಲ್ಲಿತ್ತು. ಆಗ ಎದ್ದು ಬಂದದ್ದು ಆ ಇನ್ನೊಬ್ಬ ಸೋದರನ ಹೆಸರು. ಪಿರಿಯಾಪಟ್ಟಣದಿಂದ ಅಣ್ಣನ ಜೊತೆ ತಪ್ಪಿಸಿಕೊಂಡಿದ್ದ ಅಪ್ಪಾಜಿಯದು. ಸ್ವಾಮಿ ಅಪರಂಪಾರ ಎಂಬ ಜಂಗಮ ವೇಷದ ವ್ಯಕ್ತಿ ತಾನು ಅಪ್ಪಾಜಿಯ ಮಗ ವೀರಪ್ಪ ಎಂದು ಹೇಳಿಕೊಂಡು ಊರೂರು ತಿರುಗಿ ಜನ ಕಟ್ಟಿದ. ಅವನನ್ನು ಹಿಡಿದರು. ಬಳಿಕ ಕಲ್ಯಾಣಸ್ವಾಮಿ ಎಂಬವನು ತಾನು ಅಪ್ಪಾಜಿಯ ಇನ್ನೊಬ್ಬ ಮಗ ನಂಜುಂಡಪ್ಪ ಎಂದ. ಅವನೂ 1837ರ ಮೊದಲ ತಿಂಗಳುಗಳಲ್ಲಿ ಸಿಕ್ಕಿಬಿದ್ದ. ಇಷ್ಟು ಹೊತ್ತಿಗೆ ಹಳ್ಳಿಗಳಲ್ಲಿ ಆ ಹೆಸರು ಬೇರು ಬಿಟ್ಟಿತ್ತು. ಹೀಗಾಗಿ ಮುಂದಾಳುಗಳು ಪುಟ್ಟಬಸಪ್ಪನನ್ನು ಪೂಮಲೆಯಲ್ಲಿಟ್ಟು ಅವನೇ ಕಲ್ಯಾಣಸ್ವಾಮಿ ಎಂದರು. ತುಳುನಾಡಿನ ಬಾಯಲ್ಲಿ ಅವನು ಕಲ್ಯಾಣಪ್ಪನಾದ.

ಇದನ್ನು ಮೋಸ ಎಂದು ಬರೆದವರಿದ್ದಾರೆ. ಎಪ್ಪತ್ತು ವರ್ಷಗಳ ಮಡಿಕೇರಿಯ ಇತಿಹಾಸವನ್ನು ಪಕ್ಕದಲ್ಲಿಟ್ಟು ನೋಡಿದರೆ ಆ ಮಾತು ನಿಲ್ಲುವುದಿಲ್ಲ. ಹೈದರ್ ಕೂರಿಸಿದವನು ಅರಸನಾದ, ಕಲ್ಕತ್ತೆ ಕಾಗದ ಕೊಟ್ಟವಳು ರಾಣಿಯಾದಳು, ಅದೇ ಕಲ್ಕತ್ತೆ ಸುಮ್ಮನಿದ್ದದ್ದರಿಂದ ಚಿಕ್ಕಪ್ಪ ಅರಸನಾದ. ಗದ್ದುಗೆಯ ಹಕ್ಕನ್ನು ಶ್ರೀರಂಗಪಟ್ಟಣ ತೀರ್ಮಾನಿಸಬಹುದಾದರೆ, ಕಲ್ಕತ್ತೆ ತೀರ್ಮಾನಿಸಬಹುದಾದರೆ, ಕಂದಾಯ ಕಟ್ಟುವ ಸುಳ್ಯದ ರೈತರು ಒಮ್ಮೆ ತೀರ್ಮಾನಿಸಿದ್ದರಲ್ಲಿ ತಪ್ಪೇನು ಎಂಬುದು ಈ ಲೇಖಕನ ಪ್ರಶ್ನೆ.

ಕೆದಂಬಾಡಿ ರಾಮಯ್ಯ ಗೌಡರ ಮನೆಯಲ್ಲಿ ಮದುವೆಯ ನೆಪದಲ್ಲಿ ಜನ ಸೇರಿದರು. ಜನರನ್ನು ಪೀಡಿಸುತ್ತಿದ್ದನೆಂದು ಹೆಸರಾಗಿದ್ದ ಸರಕಾರಿ ನೌಕರ ಅಟ್ಲೂರು ರಾಮಪ್ಪಯ್ಯ ಅಡ್ಕಾರಿನಲ್ಲಿ ಬಂಡಾಯಗಾರರ ಕೈಯಲ್ಲಿ ಹತನಾದ. 1837ರ ಮಾರ್ಚ್ 30ರಂದು ಬೆಳ್ಳಾರೆಯ ಖಜಾನೆ ವಶವಾಯಿತು. ಹೊಸ ಅರಸನ ಹೆಸರಿನಲ್ಲಿ ಘೋಷಣೆ ಹೊರಟಿತು: ಮೂರು ವರ್ಷ ಕಂದಾಯವಿಲ್ಲ, ಉಪ್ಪು ಮತ್ತು ಹೊಗೆಸೊಪ್ಪಿನ ಮೇಲೆ ಸರಕಾರದ ಹಿಡಿತವಿಲ್ಲ. ಪಟ್ಟಾಭಿಷೇಕಕ್ಕೆ ಇದಕ್ಕಿಂತ ಸ್ಪಷ್ಟವಾದ ಶಾಸನ ಇನ್ನೇನು ಬೇಕು! ಅರಸ ಎಂದರೆ ಏನು ಎಂದು ಜನ ತಿಳಿದಿದ್ದರೋ ಅದು ಈ ಎರಡು ಸಾಲಿನಲ್ಲಿದೆ.

ಪಡೆ ಕವಲೊಡೆದು ಒಂದು ಭಾಗ ಕುಂಬಳೆ, ಮಂಜೇಶ್ವರದ ಕಡೆ ಹೋಯಿತು. ಇನ್ನೊಂದು ಪುತ್ತೂರು, ಬಂಟ್ವಾಳದ ದಾರಿ ಹಿಡಿಯಿತು. ನಂದಾವರದ ಲಕ್ಷ್ಮಪ್ಪ ಬಂಗರಸ ಜೊತೆಗೂಡಿದ. ಏಪ್ರಿಲ್ 5ರಂದು ಮಂಗಳೂರು ಬಂಡಾಯಗಾರರದಾಯಿತು. ಬಾವುಟಗುಡ್ಡೆಯಲ್ಲಿ ಕುಂಪಣಿಯ ಬಾವುಟ ಇಳಿದು ಅವರ ಬಾವುಟ ಏರಿತು. ಅಧಿಕಾರಿಗಳು ಹಡಗು ಹತ್ತಿ ಕಣ್ಣೂರಿಗೆ ಹೋದರು. 1857ರ ದಂಗೆಗೆ ಇನ್ನೂ ಇಪ್ಪತ್ತು ವರ್ಷ ಇದ್ದಾಗ, ಅಡಿಕೆ ತೋಟ, ಭತ್ತದ ಗದ್ದೆಗಳ ಜನ ಕಡಲತೀರದ ಜಿಲ್ಲಾ ಕೇಂದ್ರವೊಂದನ್ನು ಹದಿಮೂರು ದಿನ ಹಿಡಿದಿಟ್ಟುಕೊಂಡರು.

ಕಣ್ಣೂರಿನಿಂದ, ಬೊಂಬಾಯಿಯಿಂದ ಸೇನೆ ಬಂದಾಗ ಅದು ಮುಗಿಯಿತು. ಮಡಿಕೇರಿಯತ್ತ ಹೋದ ತಂಡಕ್ಕೂ ಗೆಲುವಾಗಲಿಲ್ಲ. ಕೊಡಗಿನ ದಿವಾನರಾದ ಚೆಪ್ಪುಡೀರ ಪೊನ್ನಪ್ಪ, ಅಪ್ಪಾರಂಡ ಬೋಪು ಕುಂಪಣಿಯ ಪರ ನಿಂತರು. ಇನ್ನೊಬ್ಬ ದಿವಾನ ಲಕ್ಷ್ಮೀನಾರಾಯಣಯ್ಯ ಬಂಡಾಯಕ್ಕೆ ನೆರವಾದ ಆರೋಪದ ಮೇಲೆ ಸೆರೆಯಾದ. ನಿಷ್ಠೆ ತೋರಿದ ಕೊಡಗರಿಗೆ ಕುಂಪಣಿ ಚಿನ್ನ ಮತ್ತು ಬೆಳ್ಳಿಯ ಪದಕ ಹೊಯ್ಯಿಸಿ ಕೊಟ್ಟಿತು. ಪುಟ್ಟಬಸಪ್ಪ, ಲಕ್ಷ್ಮಪ್ಪ ಬಂಗರಸ ಮೊದಲಾದವರನ್ನು ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿತು. ಅಕ್ಟೋಬರ್ 31ರಂದು ಮಡಿಕೇರಿಯಲ್ಲಿ ಗುಡ್ಡೆಮನೆ ಅಪ್ಪಯ್ಯ ಗೌಡರಿಗೆ ಗಲ್ಲಾಯಿತು. ಈ ಸಂಗ್ರಾಮವನ್ನು ‘ಕಲ್ಯಾಣಪ್ಪನ ಕಾಟಕಾಯಿ’ ಎಂದು ಹಗುರವಾಗಿ ಕರೆಯುವ ಅಭ್ಯಾಸ ಬಹಳ ಕಾಲ ನಡೆಯಿತು. ಇತಿಹಾಸಕಾರ ಎನ್. ಶ್ಯಾಮ್ ಭಟ್ ಮೊದಲಾದವರು ಕುಂಪಣಿಯ ಕಾಗದಗಳನ್ನೇ ಹೊರತೆಗೆದು ಓದಿ, ಅದು ಲೂಟಿಯಲ್ಲ, ಸಂಘಟಿತ ಬಂಡಾಯ ಎಂದು ತೋರಿಸಿದರು. 2022ರ ನವೆಂಬರಿನಲ್ಲಿ ಬಾವುಟಗುಡ್ಡೆಯಲ್ಲೇ ಕೆದಂಬಾಡಿ ರಾಮಯ್ಯ ಗೌಡರ ಕಂಚಿನ ಪ್ರತಿಮೆ ಅನಾವರಣಗೊಂಡಿತು. ತಡವಾಯಿತು, ಆದರೆ ಸರಿಯಾದ ಜಾಗದಲ್ಲಿ ಆಯಿತು.

ವಾರಸಿನ ಜಗಳ ಗಲ್ಲಿನೊಂದಿಗೆ ಮುಗಿಯಲಿಲ್ಲ. ಕಾಶಿಯಲ್ಲಿದ್ದ ಚಿಕವೀರರಾಜೇಂದ್ರ 1852ರಲ್ಲಿ ಮಗಳು ಗೌರಮ್ಮನನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದ. ಗೌರಮ್ಮ ಕ್ರೈಸ್ತಳಾದಾಗ ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾದಳು. ಅಪ್ಪ ಹೋದದ್ದು ಬೇರೆ ಕೆಲಸಕ್ಕೆ: ದೊಡ್ಡವೀರರಾಜೇಂದ್ರ ದೇವಮ್ಮಾಜಿಗೆಂದು ಸಾಲಪತ್ರಗಳಲ್ಲಿ ಇಟ್ಟಿದ್ದ ಹಣಕ್ಕೆ ತಾನೇ ವಾರಸುದಾರ ಎಂದು ಕುಂಪಣಿಯ ಮೇಲೆ ದಾವೆ ಹೂಡಲು. ದೇವಮ್ಮಾಜಿಯಿಂದ ಗದ್ದುಗೆ ಕಿತ್ತುಕೊಂಡವನ ಮಗ ಅವಳ ಹಣಕ್ಕಾಗಿ ಲಂಡನ್ನಿನ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದ. 1859ರಲ್ಲಿ ಅವನು ಅಲ್ಲೇ ಸತ್ತ, ಹಣ ದಕ್ಕಲಿಲ್ಲ. ಗೌರಮ್ಮ 1864ರಲ್ಲಿ ತೀರಿಕೊಂಡಳು.

1834ರಲ್ಲಿ ಎಳೆದ ಗೆರೆ ಇನ್ನೂ ಅಲ್ಲೇ ಇದೆ. ಸುಳ್ಯದಿಂದ ಮಡಿಕೇರಿಗೆ ಹೋಗುವ ಹೆದ್ದಾರಿಯಲ್ಲಿ ಸಂಪಾಜೆ ಎಂಬ ಒಂದೇ ಹೆಸರಿನ ಊರು ಅರ್ಧ ದಕ್ಷಿಣ ಕನ್ನಡಕ್ಕೂ ಅರ್ಧ ಕೊಡಗಿಗೂ ಸೇರಿದೆ. ಗೆರೆಯ ಎರಡೂ ಬದಿ ಅರೆಭಾಷೆ ಆಡುವವರಿದ್ದಾರೆ, ಅವರಿಗಾಗಿ 2011ರಲ್ಲಿ ಸರಕಾರ ಸ್ಥಾಪಿಸಿದ ಅರೆಭಾಷೆ ಸಂಸ್ಕೃತಿ ಮತ್ತು ಸಾಹಿತ್ಯ ಅಕಾಡೆಮಿಯ ಕಚೇರಿ ಮಡಿಕೇರಿಯಲ್ಲಿದೆ. ಗುತ್ತಿಗಾರಿನವರು ಅಕಾಡೆಮಿಯ ಕೆಲಸಕ್ಕೆ ಇಂದಿಗೂ ಘಟ್ಟ ಹತ್ತಬೇಕು.